ಜಾಝ್: ಯಾವ ಆಲ್ಬಮ್ ಮೊದಲು, ಯಾವ ಮರುಮುದ್ರಣಕ್ಕೆ ದುಡ್ಡು

ನಮ್ಮ ಹಿಂದಿನ ಬೀದಿಯಲ್ಲಿ ಮೃದಂಗ ಹೇಳಿಕೊಡುವ ಮೇಷ್ಟ್ರೊಬ್ಬರಿದ್ದಾರೆ. ಹೋದ ವರ್ಷ ಒಂದು ಸಂಜೆ ತುಮಕೂರು ಅಮಾನಿಕೆರೆ ಏರಿ ಮೇಲೆ ಸಿಕ್ಕಿ, "ಅದೇನೋ ಜಾಝ್ ಅಂತ ಯಾವಾಗ್ಲೂ ಕಿವಿಗೆ ಸಿಕ್ಕಿಸ್ಕೊಂಡು ಓಡಾಡ್ತೀಯಲ್ಲಪ್ಪಾ, ನಾನೂ ಕೇಳ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?" ಅಂದರು. ಕೇಳುವವರು ಸಿಕ್ಕಿದ್ದೇ ತಡ, ನಾನು ಹದಿನೈದು ಹೆಸರು ಒಂದೇ ಉಸಿರಿಗೆ ಹೇಳಿದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, "ಎರಡು ಹೇಳು ಸಾಕು" ಅಂದರು.

ಆ ಎರಡನ್ನು ಆರಿಸೋಕೆ ನನಗೆ ಒಂದು ವಾರ ಹಿಡಿಯಿತು. ಕಪಾಟಿನಲ್ಲಿದ್ದ ಸಿಡಿ, ಎಲ್‌ಪಿ, ಹಳೇ ಕ್ಯಾಸೆಟ್ ಎಲ್ಲ ತೆಗೆದು ಒಂದರ ಪಕ್ಕ ಒಂದಿಟ್ಟು ಕೇಳಿದೆ. ಯಾವ ಆಲ್ಬಮ್ ಅನ್ನುವುದು ಒಂದು ಪ್ರಶ್ನೆ. ಅದೇ ಆಲ್ಬಮ್ ಹತ್ತು ರೂಪದಲ್ಲಿ ಮರುಮುದ್ರಣ ಆಗಿರುತ್ತದಲ್ಲ, ಅದರಲ್ಲಿ ಯಾವುದು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ: ಮುದ್ರಣ ಬದಲಾದಾಗ ಸಂಗೀತವೇ ಬದಲಾಗುವ ಕಡೆ ಮಾತ್ರ ದುಡ್ಡು ಬಿಚ್ಚಿ. ಅಂಥವು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಬರೀ ಕವರಿನ ರಟ್ಟಿನ ದಪ್ಪ.

ಲಯದ ಕಿವಿಯೋ, ರಾಗದ ಕಿವಿಯೋ?

ಹೊಸಬರಿಗೆ ಎಲ್ಲರೂ ಹೇಳುವ ಎರಡು ಹೆಸರು ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಮತ್ತು ಪಿಯಾನೊದ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್'. ಎರಡೂ 1959ರವು, ಎರಡೂ ಕೊಲಂಬಿಯಾ ಕಂಪನಿಯವು, ಎರಡೂ ನ್ಯೂಯಾರ್ಕಿನ ಮೂವತ್ತನೇ ಬೀದಿಯ ಹಳೇ ಚರ್ಚ್ ಕಟ್ಟಡದ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು. ಒಂದೇ ಒಲೆಯಲ್ಲಿ ಬೆಂದರೂ ರುಚಿ ಬೇರೆ ಬೇರೆ.

ಮೇಷ್ಟ್ರಿಗೆ ಮೊದಲು ಹಾಕಿದ್ದು 'ಟೈಮ್ ಔಟ್'ನ 'ಟೇಕ್ ಫೈವ್', ಸ್ಯಾಕ್ಸೊಫೋನ್ ನುಡಿಸಿದ ಪಾಲ್ ಡೆಸ್ಮಂಡ್ ಅವರದೇ ರಚನೆ. ಐದರ ನಡೆ. ಮೇಷ್ಟ್ರ ಕೈ ತಾನಾಗಿ ತೊಡೆ ಮೇಲೆ ಹೋಯಿತು. ಎರಡು ಆವರ್ತ ಹಾಕಿದವರು ನಿಲ್ಲಿಸಿಬಿಟ್ಟರು. "ಇದು ತಲೆಕೆಳಗಾಗಿದೆ ಕಣೋ." ಅವರು ಹಾಕಿದ್ದು ನಮ್ಮ ಖಂಡ ಚಾಪು: ತಕ ತಕಿಟ, ಎರಡು ಮತ್ತು ಮೂರು. ಬ್ರೂಬೆಕ್ ಪಿಯಾನೊ ಹೇಳುತ್ತಿರುವುದು ತಕಿಟ ತಕ, ಮೂರು ಮತ್ತು ಎರಡು. ಮತ್ತೆ ಮೊದಲಿನಿಂದ ಹಾಕಿಸಿ, ಕೈ ತಿರುಗಿಸಿಕೊಂಡು, ಜೋ ಮೊರೆಲ್ಲೊ ಒಬ್ಬರೇ ಡ್ರಮ್ ನುಡಿಸುವ ತನಿ ಬರುವ ಹೊತ್ತಿಗೆ ಪೂರ್ತಿ ಒಳಗಿಳಿದಿದ್ದರು. ಅಲ್ಲೊಂದು ಚಂದ ಇದೆ. ನಮ್ಮ ತನಿ ಆವರ್ತನದಲ್ಲಿ ಹಾಡುವವರು ಕೈಯಲ್ಲಿ ತಾಳ ಹಾಕುತ್ತಾರೆ. ಇಲ್ಲಿ ಪಿಯಾನೊ ಅದೇ ಪುಟ್ಟ ತುಣುಕನ್ನು ಬಿಡದೆ ನುಡಿಸಿ ತಾಳ ಹಿಡಿದಿರುತ್ತದೆ, ಡ್ರಮ್ಮಿನವನು ಅದರ ಮೇಲೆ ಓಡಾಡುತ್ತಾನೆ. ಅದೇ ಆಲ್ಬಮ್ಮಿನ ಮೊದಲ ರಚನೆ 'ಬ್ಲೂ ರಾಂಡೊ ಅಲಾ ಟರ್ಕ್' ಒಂಬತ್ತರದು. ತಕ ತಕ ತಕ ತಕಿಟ. ಇಸ್ತಾಂಬುಲ್ ಬೀದಿಯ ವಾದ್ಯಗಾರರಿಂದ ಬ್ರೂಬೆಕ್ ಹಿಡಿದುಕೊಂಡ ನಡೆ ಅದು. 1958ರಲ್ಲಿ ಅಮೆರಿಕ ಸರ್ಕಾರ ಕಳಿಸಿದ ಪ್ರವಾಸದಲ್ಲಿ ಅವರ ತಂಡ ಭಾರತಕ್ಕೂ ಬಂದಿತ್ತು. ಆ ನೆನಪಿಗೆ 'ಕಲ್ಕತ್ತಾ ಬ್ಲೂಸ್' ಅಂತೊಂದು ರಚನೆಯೂ ಇದೆ.

'ಕೈಂಡ್ ಆಫ್ ಬ್ಲೂ' ಬೇರೆ ಬಾಗಿಲು. ಮೊದಲ ರಚನೆ 'ಸೋ ವಾಟ್' ಕೇಳುವಾಗ ಶ್ರುತಿ ಪೆಟ್ಟಿಗೆಯನ್ನು ಎರಡು ಮನೆಗೆ ಇಟ್ಟುಕೊಳ್ಳಿ (ಮನೆ ಅಂದರೆ ಶ್ರುತಿಯ ಮೆಟ್ಟಿಲು; ಎರಡು ಮನೆ ಅವರ ಡಿ). ಅವರು ಡಿ ಡೋರಿಯನ್ ಅನ್ನುವುದು ನಮ್ಮ ಲೆಕ್ಕದಲ್ಲಿ ಖರಹರಪ್ರಿಯದ ಸ್ವರಗಳು. ಹದಿನಾರು ಆವರ್ತ ಅಷ್ಟರಲ್ಲೇ ಓಡಾಡಿ, ಆಮೇಲೆ ಎಂಟು ಆವರ್ತ ಎಲ್ಲರೂ ಒಟ್ಟಿಗೆ ಅರ್ಧ ಮನೆ ಮೇಲೆ ಹತ್ತಿ, ಮತ್ತೆ ಇಳಿದು ಎಂಟು ಆವರ್ತ ಮೊದಲಿನ ಜಾಗಕ್ಕೆ ಬರುತ್ತಾರೆ. ನಮ್ಮ ಕಿವಿಗೆ ಮೊದಲ ಸಲ ಅದೊಂದು ಆಘಾತವೇ. ಷಡ್ಜವೇ ಎದ್ದು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತಂತೆ. ಎರಡನೇ ಸಲ ಕೇಳುವಾಗ ಆ ಎಂಟು ಆವರ್ತಕ್ಕೇ ಕಾಯುತ್ತೀರಿ. ಮೈಲ್ಸ್ ಕಡಿಮೆ ಮಾತಿನವರು, ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನಿನಲ್ಲಿ ಹೇಳಿದ್ದನ್ನೇ ಹತ್ತು ಕೋನದಿಂದ ಹೇಳುವವರು, ಕ್ಯಾನನ್‌ಬಾಲ್ ಆಡರ್ಲಿ ಇನ್ನೊಂದು ಸ್ಯಾಕ್ಸೊಫೋನಿನಲ್ಲಿ ನಗುತ್ತಾ ಹೇಳುವವರು. ಮೂರು ಮನೋಧರ್ಮ ಒಂದೇ ಜಗಲಿಯ ಮೇಲೆ.

ಹಾಗಾಗಿ ತಾಳ ಹಾಕುತ್ತಾ ಕೇಳುವವರಿಗೆ 'ಟೈಮ್ ಔಟ್', ಕಣ್ಣು ಮುಚ್ಚಿ ಕೇಳುವವರಿಗೆ 'ಕೈಂಡ್ ಆಫ್ ಬ್ಲೂ'. ಒಂದೇ ಒಂದು ಅಂದರೆ ನಾನು ಎರಡನೆಯದನ್ನೇ ಹೇಳುವುದು. 'ಟೈಮ್ ಔಟ್'ನಲ್ಲಿ ಆ ಎರಡು ರಚನೆ ಬಿಟ್ಟರೆ ಉಳಿದವು ಸ್ವಲ್ಪ ಅಚ್ಚುಕಟ್ಟಾದ ಲೆಕ್ಕದ ಪಾಠ. ಹೀಗಂದರೆ ಮೇಷ್ಟ್ರು ಒಪ್ಪುವುದಿಲ್ಲ.

ಎರಡೂ ಬೇಡ, ಹಾಡು ಬೇಕು ಅನ್ನುವವರಿಗೆ 1956ರ 'ಎಲಾ ಅಂಡ್ ಲೂಯಿಸ್'. ಎಲಾ ಫಿಟ್ಸ್‌ಜೆರಾಲ್ಡ್ ದನಿ ತುಪ್ಪ, ಲೂಯಿಸ್ ಆರ್ಮ್‌ಸ್ಟ್ರಾಂಗ್ ದನಿ ಜಲ್ಲಿ. ನಮ್ಮಮ್ಮ ಅಡುಗೆಮನೆಯಿಂದಲೇ ಕೇಳಿ, "ಆ ಹುಡುಗಿ ಚೆನ್ನಾಗಿ ಹಾಡ್ತಾಳೆ, ಅವನಿಗೆ ಪಾಪ ಗಂಟಲು ಕಟ್ಟಿದೆ, ಒಂದು ಲೋಟ ಕಷಾಯ ಕೊಡೋರಿಲ್ವೆ" ಅಂದಿದ್ದರು. ಈಗ ಅವರೇ "ಆ ಗಂಟಲು ಕಟ್ಟಿದವನದ್ದು ಹಾಕು" ಅಂತಾರೆ.

ಭಜನೆಯ ಅಭ್ಯಾಸ ಇರುವವರು ಡ್ರಮ್ಮಿನ ಆರ್ಟ್ ಬ್ಲೇಕಿಯವರ 'ಮೋನಿನ್' ಹಾಕಿ ನೋಡಿ. ಪಿಯಾನೊ ಮುಂದೆ ಹೇಳುತ್ತದೆ, ಟ್ರಂಪೆಟ್ಟು ಸ್ಯಾಕ್ಸೊಫೋನು ಹಿಂದೆ ಹೇಳುತ್ತವೆ. ಕಟ್ಟುಪಾಡು ಬಿಟ್ಟು ಸ್ಯಾಕ್ಸೊಫೋನ್ ನುಡಿಸಿದ ಆರ್ನೆಟ್ ಕೋಲ್ಮನ್ ಮಾತ್ರ ಮೊದಲಿಗೆ ಬೇಡ. ನನಗೆ ಪ್ರಾಣ, ಆದರೆ ಮೊದಲ ದಿನವೇ ಅವರನ್ನು ಕೇಳಿ ಜಾಝ್ ಬಿಟ್ಟವರು ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ.

ಬೆಲ್ಟಿನ ತಪ್ಪಲ್ಲ

ಈಗ ಮರುಮುದ್ರಣದ ವಿಷಯ. ಇದರಲ್ಲಿ ನನ್ನ ದುಡ್ಡು ಹೋದ ಮೊದಲ ಕತೆ ಹೇಳಬೇಕು.

ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಫುಟ್‌ಪಾತಿನಲ್ಲಿ 'ಕೈಂಡ್ ಆಫ್ ಬ್ಲೂ' ಕ್ಯಾಸೆಟ್ ಸಿಕ್ಕಿತ್ತು. ಮನೆಗೆ ತಂದು, ಅಮ್ಮನ ತಿದಿ ಶ್ರುತಿ ಪೆಟ್ಟಿಗೆ ಜೊತೆ ಹಾಕಿ ಕೂತೆ. 'ಸೋ ವಾಟ್' ಎರಡು ಮನೆಗೂ ಕೂರಲಿಲ್ಲ, ಎರಡೂವರೆಗೂ ಕೂರಲಿಲ್ಲ. ನಡುವೆ ಎಲ್ಲೋ ತೇಲುತ್ತಿತ್ತು. ಟೇಪ್ ರೆಕಾರ್ಡರ್ ಬೆಲ್ಟ್ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಹಾಕಿದೆ. ಬೆಲ್ಟ್ ಬದಲಾಯಿತು, ಸ್ಪೀಡ್ ಸರಿ ಮಾಡಿಸಿದ್ದಾಯಿತು. ತಂದು ಹಾಕಿದರೆ ಮತ್ತೆ ಅದೇ. ಬೇಜಾರಾಗಿ ಕ್ಯಾಸೆಟ್ ತಿರುಗಿಸಿ ಬಿ ಮಗ್ಗುಲಿನ 'ಆಲ್ ಬ್ಲೂಸ್' ಹಾಕಿ ಪೆಟ್ಟಿಗೆಯನ್ನು ಐದು ಮನೆಗೆ ಇಟ್ಟೆ. ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು! ಯಂತ್ರ ಕೆಟ್ಟಿದ್ದರೆ ಎರಡೂ ಮಗ್ಗುಲು ಕೆಡಬೇಕಲ್ಲ?

ತಪ್ಪು ನನ್ನ ಬೆಲ್ಟಿನದಲ್ಲ, ನ್ಯೂಯಾರ್ಕಿನದು ಅಂತ ಗೊತ್ತಾಗಲು ವರ್ಷಗಳೇ ಹಿಡಿದವು. ಈ ಆಲ್ಬಮ್ ರೆಕಾರ್ಡ್ ಆದದ್ದು ಎರಡು ದಿನ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ತುಂಬಿಸಿದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ. ಆ ದಿನದ ಮೂರು ರಚನೆಗಳೇ ಎ ಮಗ್ಗುಲು ಆದದ್ದರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಲೋಕವೆಲ್ಲ ಅದನ್ನು ಹತ್ತಿರಹತ್ತಿರ ಕಾಲು ಮನೆ ಮೇಲೆಯೇ ಕೇಳಿತು. ಪಕ್ಕದಲ್ಲಿ ಮುನ್ನೆಚ್ಚರಿಕೆಗೆ ಓಡಿಸಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು. 1992ರ ಮರುಮುದ್ರಣದಲ್ಲಿ ಅದನ್ನು ಬಳಸಿ ತಿದ್ದಿದರು.

ಆದ್ದರಿಂದ ಈ ಆಲ್ಬಮ್ ಮಟ್ಟಿಗೆ ತಿದ್ದಿದ ಪ್ರತಿ ತಗೊಳ್ಳಿ. ಹಳೇ ಎಲ್‌ಪಿಯಿಂದ ಎತ್ತಿ ಹಾಕಿದ ಅಗ್ಗದ ಮುದ್ರಣಗಳಲ್ಲಿ ಹಳೇ ವೇಗವೇ ಉಳಿದಿರುವ ಸಂಭವ ಇದೆ. ಪರೀಕ್ಷೆ ಸುಲಭ: ಫೋನಿನ ತಂಬೂರಿ ಆ್ಯಪ್ ಎರಡು ಮನೆಗೆ ಇಟ್ಟು ಎರಡೇ ನಿಮಿಷ ಕೇಳಿ. ಒಂದು ಮಾತು ಒಪ್ಪಿಕೊಳ್ಳಬೇಕು, ಆ ಹಳೇ ಕ್ಯಾಸೆಟ್ಟಿನ ಅವಸರ ನನಗೆ ಇವತ್ತಿಗೂ ಇಷ್ಟ. ಮೊದಲು ಕಿವಿಗೆ ಬಿದ್ದದ್ದು ಅದೇ ಅಲ್ಲವೇ.

ಸ್ಟೀರಿಯೊ, ಮೋನೊ ಜಗಳಕ್ಕೆ ನನ್ನ ತೀರ್ಪು ರೈಲಿನಲ್ಲಿ ಸಿಕ್ಕಿತು. ಬೆಂಗಳೂರಿಗೆ ಹೋಗುವಾಗ ಅಕ್ಕನ ಮಗನೂ ನಾನೂ ಒಂದೇ ಇಯರ್‌ಫೋನ್ ಹಂಚಿಕೊಂಡು ಇದೇ ಆಲ್ಬಮ್ ಕೇಳುತ್ತಿದ್ದೆವು. "ಮಾವ, ಕ್ಯಾನನ್‌ಬಾಲ್ ಸೂಪರ್" ಅಂತಾನೆ. ನನಗೆ ಕ್ಯಾನನ್‌ಬಾಲ್ ಎಲ್ಲೋ ದೂರದಿಂದ ಬಂದಂತೆ, ಕೋಲ್ಟ್ರೇನ್ ಮಾತ್ರ ಕಿವಿಯೊಳಗೇ ಕೂತಂತೆ. ಸ್ಟೀರಿಯೊದಲ್ಲಿ ಕೋಲ್ಟ್ರೇನ್ ಎಡಕ್ಕೆ, ಆಡರ್ಲಿ ಬಲಕ್ಕೆ, ಮೈಲ್ಸ್ ನಡುವೆ. ಇಬ್ಬರು ಹಂಚಿಕೊಂಡು ಕೇಳುವುದಾದರೆ, ಅಥವಾ ಅಡುಗೆಮನೆಯ ಒಂದೇ ಸ್ಪೀಕರಿನಲ್ಲಿ ಕೇಳುವುದಾದರೆ ಎಡ ಬಲ ಇಲ್ಲದೆ ಎಲ್ಲ ದನಿ ಒಟ್ಟಿಗೇ ಬರುವ ಮೋನೊ ಒಳ್ಳೆಯದು. ಮನೆಯಲ್ಲಿ ಎರಡು ಸ್ಪೀಕರ್ ಇದ್ದರೆ ಸ್ಟೀರಿಯೊ.

ಒನ್ಸ್ ಮೋರ್

ಮುದ್ರಣ ಬದಲಾದದ್ದಕ್ಕೆ ಸಂಗೀತವೇ ಬದಲಾದ ಇನ್ನೊಂದು ಉದಾಹರಣೆ, ದೊಡ್ಡ ವಾದ್ಯವೃಂದ ನಡೆಸುತ್ತಿದ್ದ ಡ್ಯೂಕ್ ಎಲಿಂಗ್ಟನ್ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಕೊಟ್ಟ ಕಚೇರಿ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ಗುಬ್ಬಿ ಕಂಪನಿ ನಾಟಕದ ಕತೆ ಕೇಳಿ ಬೆಳೆದ ಈ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ.

1956ರ ಜುಲೈ 7ರ ರಾತ್ರಿ. ಎಲಿಂಗ್ಟನ್ ಕಾಲ ಮುಗಿಯಿತು ಅಂತ ಜನ ಮಾತಾಡುತ್ತಿದ್ದ ಹೊತ್ತು. ಎರಡು ಹಳೇ ರಚನೆಗಳ ನಡುವಿನ ಸೇತುವೆಯಾಗಿ ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನ್ ಹಿಡಿದು ನಿಂತರು. ಒಂದು ಸುತ್ತು, ಎರಡು, ಐದು, ಹತ್ತು. ಜನ ಎದ್ದರು, ಕುಣಿದರು, ಬಿಡಲಿಲ್ಲ. ಒಟ್ಟು 27 ಸುತ್ತು. ಕಂದಪದ್ಯಕ್ಕೆ ಒನ್ಸ್ ಮೋರ್ ಬಿದ್ದಾಗ ನಟ ನಾಟಕ ನಿಲ್ಲಿಸಿ ಮತ್ತೆ ಹಾಡುತ್ತಿದ್ದನಂತಲ್ಲ, ಅದೇ ಸಂತೆ.

ಎಡವಟ್ಟು ಏನಾಯಿತೆಂದರೆ, ಅವರು ನುಡಿಸಿದ್ದು ಬೇರೆ ಮೈಕಿಗೆ. ವಾಯ್ಸ್ ಆಫ್ ಅಮೆರಿಕ ರೇಡಿಯೊದವರ ಮೈಕ್ ಅದು. ಆಲ್ಬಮ್ಮಿಗಾಗಿ ರೆಕಾರ್ಡ್ ಮಾಡುತ್ತಿದ್ದ ಕೊಲಂಬಿಯಾದವರ ಮೈಕಿಗೆ ಸ್ಯಾಕ್ಸೊಫೋನ್ ದೂರದಿಂದ ಬಂದಂತೆ ಬಿತ್ತು. ಮೇಲಾಗಿ ಆಗ ಹೊರಬಂದ ಎಲ್‌ಪಿಯಲ್ಲಿ ಬಹುಪಾಲು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಅಂಟಿಸಿದ್ದು. ದಶಕಗಳ ಮೇಲೆ ರೇಡಿಯೊದವರ ಟೇಪು ಸಿಕ್ಕಿ, ಎರಡೂ ಕಡೆಯ ಟೇಪುಗಳನ್ನು ಕೂಡಿಸಿ 1999ರಲ್ಲಿ ಎರಡು ಸಿಡಿಗಳ ಪೂರ್ಣ ಪ್ರತಿ ತಂದರು. ಇದರಲ್ಲಿ ಗೊನ್ಸಾಲ್ವೆಸ್ ನಮ್ಮ ಮುಂದೆಯೇ ನಿಂತಿದ್ದಾರೆ. ಹಳೇ ಪ್ರತಿ, ಹೊಸ ಪ್ರತಿ ಅಂತ ಹೋಲಿಸುವುದೇ ಇಲ್ಲಿ ತಪ್ಪು. ಹಳೆಯದು ಅರ್ಧ ನಾಟಕ, 1999ರದ್ದು ನಿಜವಾದ ರಾತ್ರಿ.

ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ವಿಷಯಕ್ಕೆ ಬಂದರೆ ನಾನು ಉಲ್ಟಾ ಹೇಳುತ್ತೇನೆ. 1964ರ ಡಿಸೆಂಬರ್ 9ರ ಒಂದೇ ದಿನದಲ್ಲಿ ಮುಗಿದದ್ದು, ಒಟ್ಟು 33 ನಿಮಿಷ. ಅದರ ಮೂಲ ಮಾಸ್ಟರ್ ಟೇಪು ಕಳೆದುಹೋಗಿ, ಇಂಗ್ಲೆಂಡಿನಲ್ಲಿ ಚೆನ್ನಾಗಿ ಉಳಿದಿದ್ದ ನಕಲಿನಿಂದ 2002ರಲ್ಲಿ ಹೊಸ ಪ್ರತಿ ಬಂತು. ಅದರ ಜೊತೆ ಮರುದಿನ ಇನ್ನಿಬ್ಬರನ್ನು ಸೇರಿಸಿ ನುಡಿಸಿದ ತುಣುಕುಗಳು, 1965ರ ಜುಲೈನಲ್ಲಿ ಫ್ರಾನ್ಸಿನಲ್ಲಿ ಕೊಟ್ಟ ಕಚೇರಿಯೂ ಇವೆ. 2021ರಲ್ಲಿ ಸಿಯಾಟಲ್‌ನ ಇನ್ನೊಂದು ಕಚೇರಿಯೂ ಹೊರಬಂತು, ಅದು ಮೂಲದ ಎರಡರಷ್ಟಕ್ಕಿಂತ ಉದ್ದ. ಎಲ್ಲ ನನ್ನ ಹತ್ತಿರ ಇವೆ. ವರ್ಷಕ್ಕೊಮ್ಮೆ ಕೇಳುತ್ತೇನೆ. ಆ 33 ನಿಮಿಷವನ್ನು ಮಾತ್ರ ತಿಂಗಳಿಗೊಮ್ಮೆ. ಮೊದಲ ಭಾಗದಲ್ಲಿ ನಾಲ್ಕೇ ಸ್ವರದ ತುಣುಕನ್ನು ಹನ್ನೆರಡು ಶ್ರುತಿಗೂ ಒಯ್ದು ತರುತ್ತಾರೆ, ಮನೆಮನೆಗೂ ಹೋಗಿ ಬಾಗಿಲು ತಟ್ಟಿದ ಹಾಗೆ. ಡ್ರಮ್ಮಿನ ಎಲ್ವಿನ್ ಜೋನ್ಸ್ ಅವರದ್ದು ಒಂದು ಕೈ ಒಂದು ಮಾತು, ಇನ್ನೊಂದು ಕೈ ಇನ್ನೊಂದು ಮಾತು. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ತಮಟೆ ನೆನಪಾಗುತ್ತದೆ. ಕೊನೆಯ ಭಾಗ 'ಸಾಮ್' ತಾಳವಿಲ್ಲದ್ದು. ಕೋಲ್ಟ್ರೇನ್ ತಾವೇ ಬರೆದು ಕವರಿನೊಳಗೆ ಅಚ್ಚು ಹಾಕಿಸಿದ್ದ ಪ್ರಾರ್ಥನೆಯನ್ನು ಮಾತುಮಾತಾಗಿ ಸ್ಯಾಕ್ಸೊಫೋನಿನಲ್ಲಿ ಹೇಳುತ್ತಾರೆ. ಉಗಾಭೋಗ ಕೇಳಿದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಇದಕ್ಕೆ ಯಾವ ಪ್ರತಿಯಾದರೂ ಸರಿ. ಫೋನಿನಲ್ಲಿ ಸಿಕ್ಕಿದ್ದೇ ಸಾಕು.

ಪಿಯಾನೊದ ಬಿಲ್ ಇವಾನ್ಸ್ ಅವರ ಮೂವರ ತಂಡ 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ಜಾಝ್ ಕ್ಲಬ್ಬು ವಿಲೇಜ್ ವ್ಯಾನ್‌ಗಾರ್ಡಿನಲ್ಲಿ ನುಡಿಸಿದ್ದು ಎರಡು ಆಲ್ಬಮ್ಮಾಗಿ ಬಂತು. 'ವಾಲ್ಟ್ಜ್ ಫಾರ್ ಡೆಬಿ' ಅದರಲ್ಲಿ ಒಂದು. ಹನ್ನೊಂದು ದಿನಕ್ಕೆ ಬೇಸ್ ನುಡಿಸುತ್ತಿದ್ದ ಸ್ಕಾಟ್ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 25. 2005ರಲ್ಲಿ ಇಡೀ ದಿನದ ರೆಕಾರ್ಡಿಂಗನ್ನು ಮೂರು ಸಿಡಿಗಳಲ್ಲಿ ತಂದಾಗ, ಅಲ್ಲಿಯವರೆಗೆ ಪಕ್ಕಕ್ಕಿಟ್ಟಿದ್ದ ಮೊದಲ ತುಣುಕನ್ನೂ ಸೇರಿಸಿದರು. 'ಗ್ಲೋರಿಯಾಸ್ ಸ್ಟೆಪ್' ನಡುವೆ ಟೇಪು ತಡವರಿಸುತ್ತದೆ. ಕರೆಂಟ್ ಹೋಗಿತ್ತು! ಬೇಸಿಗೆಯ ತುಮಕೂರಿನಲ್ಲಿ ಕೂತು ಅದನ್ನು ಕೇಳುವಾಗ ಬರುವ ನೆಂಟಸ್ತನ ಬೇರೆ ಊರಿನವರಿಗೆ ಬರಲಾರದು. ಆದರೂ ಹೊಸಬರಿಗೆ ಮೂರು ಸಿಡಿ ಬೇಡ, ಒಂದೇ ರಚನೆ ಎರಡು ಮೂರು ಸಲ ಬಂದು ಬೇಸರ ಆಗುತ್ತದೆ. 'ವಾಲ್ಟ್ಜ್ ಫಾರ್ ಡೆಬಿ' ಒಂದೇ ತಗೊಳ್ಳಿ. ಹಿನ್ನೆಲೆಯ ಲೋಟದ ಸದ್ದು, ಯಾರದೋ ನಗು ಅದರಲ್ಲೇ ಬೇಕಾದಷ್ಟಿದೆ.

ರಟ್ಟಿನ ದಪ್ಪ

ಬ್ಲೂ ನೋಟ್ ಕಂಪನಿಯ ಎಲ್‌ಪಿಗಳು ಈಗ ಎರಡು ಮಾಲಿಕೆಯಲ್ಲಿ ಸಿಗುತ್ತವೆ: 2019ರಲ್ಲಿ ಶುರುವಾದ 'ಟೋನ್ ಪೊಯೆಟ್', ಆಮೇಲಿನ 'ಕ್ಲಾಸಿಕ್ ವಿನೈಲ್'. ಎರಡಕ್ಕೂ ಮಾಸ್ಟರಿಂಗ್, ಅಂದರೆ ಅಚ್ಚಿಗೆ ಮುಂಚೆ ದನಿ ಹದ ಮಾಡುವ ಕೆಲಸ, ಮಾಡಿದವರು ಒಬ್ಬರೇ, ಕೆವಿನ್ ಗ್ರೇ. ಮೊದಲನೆಯದು ದುಬಾರಿ, ಮಡಚುವ ದಪ್ಪ ಕವರು, ಒಳಗೆ ಫೋಟೊಗಳು. ಎರಡನೆಯದು ಸಾದಾ ಕವರು. ಒಂದೇ ಆಲ್ಬಮ್ ಎರಡು ಮಾಲಿಕೆಯಲ್ಲೂ ಇದ್ದರೆ ನಾನು ಸಾದಾದ್ದನ್ನೇ ತರಿಸುತ್ತೇನೆ. ಇದೇ ಕಂಪನಿಯ ಬಹಳಷ್ಟು ಆಲ್ಬಮ್ ರೆಕಾರ್ಡ್ ಮಾಡಿದ ರೂಡಿ ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷೆ ಮಾಡುತ್ತಿದ್ದವರು, 1959ರವರೆಗೆ ಅವರ ಸ್ಟುಡಿಯೋ ಅಂದರೆ ಅಪ್ಪ ಅಮ್ಮನ ಮನೆಯ ನಡುಮನೆ. ಅವರೇ ವಯಸ್ಸಾದ ಮೇಲೆ ಮರುಮಾಸ್ಟರ್ ಮಾಡಿದ ಸಿಡಿಗಳು ನನ್ನ ಕಿವಿಗೆ ಸ್ವಲ್ಪ ಚುಚ್ಚುತ್ತವೆ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ ಅಷ್ಟೆ.

ಕಿವಿಯ ಬಗ್ಗೆ ಜಂಬ ಬೇಡ ಅನ್ನುವುದಕ್ಕೆ 2022ರದ್ದೊಂದು ಪ್ರಸಂಗ ಇದೆ. ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳನ್ನು ಅಪ್ಪಟ ಅನಲಾಗ್, ಅಂದರೆ ಎಲ್ಲೂ ಡಿಜಿಟಲ್ ಆಗದೆ ಟೇಪಿನಿಂದಲೇ ಬಂದದ್ದು ಅಂತ ನಂಬಿ ಕೊಂಡವರು ಬಹಳ ಜನ. ತಯಾರಿಕೆಯ ನಡುವೆ ಡಿಜಿಟಲ್ ಹಂತ ಇತ್ತು ಅಂತ ಆ ವರ್ಷ ಹೊರಬಿತ್ತು. ಅಲ್ಲಿಯವರೆಗೆ "ಡಿಜಿಟಲ್ ಆದರೆ ನನ್ನ ಕಿವಿಗೆ ತಕ್ಷಣ ಗೊತ್ತಾಗುತ್ತೆ" ಅನ್ನುತ್ತಿದ್ದವರ ಮುಖ ನೋಡಬೇಕಿತ್ತು.

ಎಲ್‌ಪಿ ತರಿಸುವುದೇ ಆದರೆ ಏಪ್ರಿಲ್, ಮೇ ಬಿಟ್ಟು ತರಿಸಿ. ಒಂದು ಸಲ ಕೊರಿಯರ್‌ನವನು ಬೆಲ್ಲು ಒತ್ತದೆ ಕಾಂಪೌಂಡಿನ ಮೇಲೆ ಬಿಸಿಲಿಗೆ ಒರಗಿಸಿ ಹೋಗಿದ್ದ. ಸಂಜೆ ಬಂದು ಬಿಚ್ಚಿದರೆ ಅಂಚು ಹಪ್ಪಳದ ಹಾಗೆ ಎದ್ದಿತ್ತು. ಎರಡು ದಪ್ಪ ಗಾಜಿನ ನಡುವೆ ಇಟ್ಟು, ಮೇಲೆ ಒಳಕಲ್ಲಿನ ಗುಂಡು ಹೇರಿ, ಹದಿನೈದು ದಿನ ಬಿಟ್ಟೆ. ಗಾಜು ಒಡೆಯಿತು.

ನಮ್ಮ ಕಡೆಯ ಮೂರು

ಕರ್ನಾಟಕ ಸಂಗೀತ ಬಲ್ಲವರು ಕೊನೆಗೆ ಕೇಳುವುದು ಇದನ್ನೇ: ಎರಡೂ ಸೇರಿದ್ದು ಯಾವುದಾದರೂ ಇದೆಯಾ? ಹೋಲಿಸಬೇಕಾದವು ಮೂರು.

1976ರ 'ಶಕ್ತಿ': ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲ, ವಿಕ್ಕು ವಿನಾಯಕರಾಮ್ ಘಟ, ಆರ್. ರಾಘವನ್ ಮೃದಂಗ. ವೇದಿಕೆಯ ಮೇಲೆ ನುಡಿಸಿದ್ದೇ ರೆಕಾರ್ಡಾಗಿದೆ. ಮೊದಲ ರಚನೆ 'ಜಾಯ್' ಹದಿನೆಂಟು ನಿಮಿಷ, ಉಸಿರಾಡಲು ಬಿಡುವುದಿಲ್ಲ. ಇದು ಸಾಹಸ, ಜಾತ್ರೆಯಲ್ಲಿ ದೊಂಬರಾಟ ನೋಡಿದ ಹಾಗೆ ಬಾಯಿ ತೆರೆದು ಕೂರುತ್ತೀರಿ.

1983ರ 'ಜ್ಯೋತಿ' ಇದರ ತದ್ವಿರುದ್ಧ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಮಾಮಣಿ ಹಾಡು, ಜೊತೆಗೆ ಅಮೆರಿಕದ ಚಾರ್ಲಿ ಮೇರಿಯಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು. ಇಸಿಎಂ ಕಂಪನಿಯದು. ಇಲ್ಲಿ ಯಾರೂ ಯಾರನ್ನೂ ಓಡಿಸುವುದಿಲ್ಲ. ರಮಾಮಣಿಯವರ ಆಲಾಪದ ಹಿಂದೆ ಸ್ಯಾಕ್ಸೊಫೋನ್ ಬರುವುದು ಒಳ್ಳೆಯ ಪಿಟೀಲುಗಾರರು ಬರುವ ಹಾಗೆ, ಅರ್ಧ ಹೆಜ್ಜೆ ಹಿಂದೆ. ಮೇರಿಯಾನೊ ನಾಗಸ್ವರವನ್ನೂ ಕಲಿತಿದ್ದವರು; ಆ ತಗ್ಗುಬಗ್ಗು ಅಲ್ಲಿಂದ ಬಂದಿರಬೇಕು. ಮೂರರಲ್ಲಿ ನನ್ನ ಆಯ್ಕೆ ಇದೇ, ಅದರಲ್ಲೂ ಬೆಳಗಿನ ಹೊತ್ತಿಗೆ.

2008ರ 'ಕಿನ್ಸ್‌ಮೆನ್' ಹರಟೆಗೆ ಒಳ್ಳೆಯದು. ಒಂದು ಕಡೆ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ, ಇನ್ನೊಂದು ಕಡೆ ನಮ್ಮ ಕದ್ರಿ ಗೋಪಾಲನಾಥ್; ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಒಂದೇ ವಾದ್ಯ, ಒಬ್ಬರು ಸ್ವರದಿಂದ ಸ್ವರಕ್ಕೆ ನೆಗೆಯುತ್ತಾರೆ, ಇನ್ನೊಬ್ಬರು ಜಾರುತ್ತಾರೆ. ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು ಕದ್ರಿ. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು. ಯಾರು ಯಾವಾಗ ನುಡಿಸುತ್ತಿದ್ದಾರೆ ಅಂತ ಗಮಕದಲ್ಲೇ ಹಿಡಿಯಿರಿ, ಅದೇ ಒಂದು ಆಟ. ಕೆಲವು ಕಡೆ ಡ್ರಮ್ಮು ಮೃದಂಗ ಎರಡೂ ಸೇರಿ ಗಿಜಿಗುಟ್ಟುತ್ತದೆ, ಅದೊಂದು ದೂರು.

ಮೇಷ್ಟ್ರಿಗೆ ಕಡೆಗೆ ಕೊಟ್ಟ ಎರಡು 'ಟೈಮ್ ಔಟ್' ಮತ್ತು 'ಶಕ್ತಿ'. ನನಗೆ ಇಷ್ಟವಾದವು ಅವಲ್ಲ, ಅವರಿಗೆ ಬೇಕಾದವು ಅವು. 'ಟೈಮ್ ಔಟ್' ತಿಂಗಳಲ್ಲೇ ವಾಪಸ್ ಬಂತು. 'ಶಕ್ತಿ' ಸಿಡಿ ಇನ್ನೂ ಅವರ ಮನೆಯಲ್ಲೇ ಇದೆ. ಕೇಳಿದಾಗೆಲ್ಲ "ಇರಪ್ಪಾ, ಹನ್ನೊಂದನೇ ನಿಮಿಷದಲ್ಲಿ ಒಂದು ಮೋರಾ ಇನ್ನೂ ಲೆಕ್ಕಕ್ಕೆ ಸಿಕ್ಕಿಲ್ಲ" ಅಂತಾರೆ.